ಊಟದ ಸಾಲಿನಲ್ಲಿ ಕಾನ್‌ಸ್ಟಾಂಟಿನೋಪಲ್

ನಮ್ಮ ಮನೆಯಲ್ಲಿ ಮಾತಿಗೆ ಜಾಗ ಸಿಗುತ್ತಿದ್ದುದು ಮಗ್ಗಗಳು ನಿಂತ ಮೇಲೆ. ಗಜೇಂದ್ರಗಡದ ಗುಡ್ಡದ ಬುಡದ ಓಣಿಯೊಂದರಲ್ಲಿ, ಅಗಲ ಕಡಿಮೆ, ಉದ್ದ ಹೆಚ್ಚು ಇದ್ದ ಮಣ್ಣಿನ ಮಾಳಿಗೆಯ ಮನೆ ಅದು. ಬಾಗಿಲು ದಾಟಿದರೆ ಮಗ್ಗದ ಕೋಣೆ, ಅದರಾಚೆ ನಡುಮನೆ, ನಡುಮನೆಯಿಂದ ಒಂದು ಮೆಟ್ಟಿಲು ಇಳಿದರೆ ಅಡಿಗೆಮನೆ, ಅದರ ಹಿಂದೆ ನೂಲಿಗೆ ಬಣ್ಣ ಹಾಕುವ ಹಂಡೆಗಳಿದ್ದ ಹಿತ್ತಲು. ಮಗ್ಗದ ಕೋಣೆಯ ನೆಲದಲ್ಲಿ ಎರಡು ಕುಣಿಗಳಿದ್ದವು. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತು, ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಲಾಳಿ ಹಾಯಿಸುತ್ತ ಸೀರೆ ನೇಯುತ್ತಿದ್ದರು. ಬಲಗಡೆಯ ಮಗ್ಗ ಅಜ್ಜನದು, ಎಡಗಡೆಯದು ಅಪ್ಪನ ತಮ್ಮ ಬಸಣ್ಣ ಕಾಕಾನದು. ಎರಡೂ ಒಟ್ಟಿಗೆ ನಡೆಯುವಾಗ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅವ್ವ ಒಳಗಿನಿಂದ ಕೂಗಿದ್ದನ್ನು ನಾನು ಓಡಿಹೋಗಿ ಹೊರಗೆ ಮುಟ್ಟಿಸಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಮೊದಲು ಅಜ್ಜ ನಿಲ್ಲಿಸುತ್ತಿದ್ದ, ಆಮೇಲೆ ಕಾಕಾ. ಆಗ ಓಣಿಯ ಸದ್ದುಗಳೆಲ್ಲ ಒಮ್ಮೆಲೇ ಮನೆಯೊಳಗೆ ನುಗ್ಗಿದಂತಾಗುತ್ತಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಪ್ಪ ರೋಣದ ಬಸ್ಸಿಳಿದು ಬರುತ್ತಿದ್ದ.

ಮಗ್ಗಕ್ಕೆ ಕೂರದೆ ದೊಡ್ಡವನಾದ ಮೊದಲ ಗಂಡಸು ಆ ಮನೆಯಲ್ಲಿ ಅಪ್ಪನೇ. ರೋಣದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ. ಓಣಿಯವರಿಗೆ ಅವನು ಮಾಸ್ತರ. ಅಜ್ಜನಿಗೆ ಮಾತ್ರ, ಕಲಿತು ಕೆಟ್ಟವನೂ ಅಲ್ಲ, ಕಲಿತು ಉದ್ಧಾರವಾದವನೂ ಅಲ್ಲ, ಏನು ಮಾಡುತ್ತಾನೆಂದು ಸರಿಯಾಗಿ ತಿಳಿಯದ ಹಿರಿಯ ಮಗ. ಅಪ್ಪನ ಕೆಲಸದ ಬಗ್ಗೆ ಅಜ್ಜ ಒಂದು ಮಾತೂ ಕೇಳಿದ್ದನ್ನು ನಾನು ಕಂಡಿಲ್ಲ. ಅಪ್ಪನೂ ಮನೆಯಲ್ಲಿ ಶಾಲೆಯ ಮಾತು ತೆಗೆಯುತ್ತಿರಲಿಲ್ಲ. ಅದಕ್ಕೇ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಅವನು ರೊಟ್ಟಿ ಮುರಿಯುತ್ತ ತಾನಾಗಿಯೇ ಮಾತು ಶುರುಮಾಡಿದಾಗ ಎಲ್ಲರೂ ಸ್ವಲ್ಪ ಗಾಬರಿಯಾದರು.

"ಇವತ್ತ ವರ್ಗದಾಗ ಕಾನ್‌ಸ್ಟಾಂಟಿನೋಪಲ್ ಬಗ್ಗೆ ಏನ ಗೊತ್ತೈತಿ ಅಂತ ಕೇಳಿದೆ. ಎಲ್ಲಾ ಹುಡುಗ್ರೂ ಒಂದ ದನಿಲೆ 'ಬಿತ್ತ್ರಿ ಸರ' ಅಂದ್ರು. ಅಲ್ಲೋ, ಸಾವಿರ ವರ್ಷ ನಿಂತಿತ್ತಲ್ಲೋ ಅಂದೆ. ಪಿಳಿಪಿಳಿ ನೋಡಿದ್ರು."

"ಯಾರ ಮನಿ ಬಿತ್ತೋ?" ಎಂದು ಅಜ್ಜಿ ಅಡಿಗೆಮನೆಯ ಹೊಸ್ತಿಲಿನಿಂದ ಕೇಳಿದಳು.

"ಮನಿ ಅಲ್ಲಬೇ, ಊರು. ಪುಸ್ತಕದಾಗ ಬಿದ್ದದ್ದಷ್ಟ ಬರದಾರ. ಎದ್ದದ್ದು, ನಿಂತದ್ದು, ಒಂದ ಸಾಲಿಲ್ಲ."

"ಹಂಗಾರ ನೀನ ಹೇಳು. ನಿಂತದ್ದು ಹೇಳು ಮೊದಲ."

ಹೀಗೆ ಅಜ್ಜಿಯ ಅಪ್ಪಣೆಯಿಂದ ಬೈಜಾಂಟೈನ್ ಸಾಮ್ರಾಜ್ಯ ನಮ್ಮ ಮನೆಗೆ ಬಂತು. ಊಟಕ್ಕೆ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಗೋಡೆಗೆ ಬೆನ್ನು ಹಚ್ಚಿ ಅಜ್ಜ, ಅವನ ಪಕ್ಕ ಅಪ್ಪ, ಆಮೇಲೆ ಕಾಕಾ, ಕೊನೆಗೆ, ಇನ್ನೂ ಚಿಕ್ಕವಳೆಂದು, ನಾನು. ಅಜ್ಜಿ ಹೊಸ್ತಿಲ ಮೇಲೆ ಒಂದು ಕಾಲು ಚಾಚಿ ಕೂತು, ಗಂಡಸರ ಊಟ ಮುಗಿಯುವವರೆಗೆ ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಳು. ಕಾಕಾನ ಹೆಂಡತಿ, ನರಗುಂದದ ಚಿಗವ್ವ, ಬಿಸಿ ರೊಟ್ಟಿಯನ್ನು ಹಂಚಿನಿಂದ ತಾಟಿಗೆ ತಂದುಹಾಕುವಳು. ಅಪ್ಪ ಕಥೆ ಶುರುಮಾಡಿದ ಮೇಲೆ ಈ ಕ್ರಮ ಮೆಲ್ಲಗೆ ಸಡಿಲವಾಯಿತು. ರೊಟ್ಟಿ ಬಡಿಯುವ ಸದ್ದಿಗೆ ಅಪ್ಪ ಮಾತು ನಿಲ್ಲಿಸುತ್ತಿದ್ದನಾದ್ದರಿಂದ ಅವ್ವ ರೊಟ್ಟಿಗಳನ್ನೆಲ್ಲ ಮೊದಲೇ ಮಾಡಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಒಲೆಯ ಮುಂದಿನಿಂದ ಎದ್ದು ಬಂದು ಅಜ್ಜಿಯ ಹಿಂದೆ ಕೂರತೊಡಗಿದಳು. ಗಂಡಸರು ಉಣ್ಣುವಾಗ ಹೆಂಗಸರು ಸುಮ್ಮನೆ ಕೂತದ್ದನ್ನು ಆ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಅಜ್ಜ ಆರಿದ ರೊಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿ ಮುರಿದ.

ಮೊದಲ ದಿನ ಅಪ್ಪ ಕಾನ್‌ಸ್ಟಂಟೈನ್ ಎಂಬ ಚಕ್ರವರ್ತಿ ಹೊಸ ರಾಜಧಾನಿಗೆ ಗಡಿ ಗೆರೆ ಎಳೆದದ್ದನ್ನು ಹೇಳಿದ. ಕೈಯಲ್ಲಿ ಭರ್ಚಿ ಹಿಡಿದು ನೆಲಕ್ಕೆ ಗೀರುತ್ತ ಅವನು ನಡೆದೇ ನಡೆದನಂತೆ. ಹಿಂದೆ ಬರುತ್ತಿದ್ದವರು ಸುಸ್ತಾಗಿ, ಇನ್ನೆಷ್ಟು ದೂರ ಎಂದು ಕೇಳಿದಾಗ, ನನ್ನ ಮುಂದೆ ನಡೆಯುತ್ತಿರುವವನು ನಿಲ್ಲುವ ತನಕ ಎಂದನಂತೆ. ಮುಂದೆ ಯಾರೂ ಇರಲಿಲ್ಲ. ಅಪ್ಪ ಅದನ್ನು ಹೇಳಿ ಒಂದು ಗುಟುಕು ನೀರು ಕುಡಿದ. ಅಜ್ಜಿ ಅಡಿಕೆ ಕುಟ್ಟುವುದನ್ನು ಬಿಟ್ಟು, "ದೇವರಿದ್ದಾನು ಮುಂದ" ಎಂದು ತಾನೇ ತೀರ್ಮಾನಿಸಿದಳು. ಕಾನ್‌ಸ್ಟಾಂಟಿನೋಪಲ್ ಅವಳ ಬಾಯಲ್ಲಿ ಹೊರಳದೆ ಕಾನಸ್ತಪುರವಾಯಿತು. ಅಲ್ಲಿಯ ಜನ ತಮ್ಮನ್ನು ತಾವು ಬೈಜಾಂಟೈನರು ಎಂದು ಕರೆದುಕೊಳ್ಳಲೇ ಇಲ್ಲ, ಕೊನೆಯವರೆಗೂ ನಾವು ರೋಮಿನವರು ಎಂದೇ ಅನ್ನುತ್ತಿದ್ದರು, ಬೈಜಾಂಟೈನ್ ಎಂಬ ಹೆಸರು ಅವರೆಲ್ಲ ಹೋದ ಮೇಲೆ ಪಂಡಿತರು ಇಟ್ಟದ್ದು ಎಂದು ಅಪ್ಪ ಹೇಳಿದಾಗ ಅವಳಿಗೆ ಭಾರೀ ಕೆಟ್ಟೆನಿಸಿತು.

"ಸತ್ತಮ್ಯಾಲ ಹೆಸರ ಬದಲ ಮಾಡಿದ್ರ ನೀರ ಬಿಡೂದು ಯಾರ ಹೆಸರಿಗಿ?"

ಚಳಿಗಾಲ ಬರುವ ಹೊತ್ತಿಗೆ ಕಥೆ ಥಿಯೊಡೋರಾಳ ಹತ್ತಿರ ಬಂದಿತ್ತು. ಕುದುರೆಗಾಡಿ ಪಂದ್ಯದ ಬಯಲಿನಲ್ಲಿ ಕರಡಿ ಸಾಕುತ್ತಿದ್ದವನ ಮಗಳು, ನಾಟಕದಲ್ಲಿ ಕುಣಿಯುತ್ತಿದ್ದವಳು, ರೈತನ ಮನೆತನದಿಂದ ಬಂದು ಚಕ್ರವರ್ತಿಯಾದ ಜಸ್ಟಿನಿಯನ್ನನ ಕೈ ಹಿಡಿದು ರಾಣಿಯಾದಳು. ಊರೆಲ್ಲ ದಂಗೆ ಎದ್ದು ಅರಮನೆಗೆ ಬೆಂಕಿ ಬೀಳುವ ಹೊತ್ತಿನಲ್ಲಿ ಗಂಡ ಹಡಗು ಹತ್ತಿ ಓಡಲು ಸಿದ್ಧನಾದ. ಅವಳು ಮಾತ್ರ ಕದಲಲಿಲ್ಲ. ಓಡುವುದಾದರೆ ನೀವು ಓಡಿ, ನನಗೆ ಈ ರಾಣಿಯ ಸೀರೆಯೇ ಹೆಣದ ಬಟ್ಟೆಯಾದರೂ ಆದೀತು ಎಂದಳು. ಅಪ್ಪ ಇದನ್ನು ಹೇಳಿದ ಮರುದಿನ ಅವ್ವ ಅವನಿಗೆ ಪುಂಡಿಪಲ್ಯದ ಮೇಲೆ ಒಂದು ಸುತ್ತು ಹೆಚ್ಚು ಒಗ್ಗರಣೆ ಎಣ್ಣೆ ಹಾಕಿ, ತಲೆಯೆತ್ತದೆ ಕೇಳಿದಳು:

"ಆ ಕರಡ್ಯಾವನ ಮಗಳದು ಇನ್ನೊಮ್ಮೆ ಹೇಳ್ರಿ."

ಅವ್ವ ಎಲ್ಲರೆದುರು ಅಪ್ಪನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅಪ್ಪ ಪೂರ್ತಿ ಹೇಳಿದ. ಚಿಗವ್ವ ಬುಟ್ಟಿ ಹಿಡಿದು ನಿಂತೇ ಕೇಳಿದಳು. ರೇಷ್ಮೆಯ ಗುಟ್ಟು ಚೀನಾದಿಂದ ಬಂದ ಕಥೆ ಮಾತ್ರ ಕಾಕಾನಿಗೆಂದೇ ಹೇಳಿದಂತಿತ್ತು. ಇಬ್ಬರು ಸನ್ಯಾಸಿಗಳು ಪೊಳ್ಳು ಬೆತ್ತದ ಕೋಲಿನೊಳಗೆ ರೇಷ್ಮೆ ಹುಳದ ಮೊಟ್ಟೆ ಬಚ್ಚಿಟ್ಟುಕೊಂಡು, ಬೆಟ್ಟ ಮರುಭೂಮಿ ದಾಟಿ ಕಾನ್‌ಸ್ಟಾಂಟಿನೋಪಲ್‌ಗೆ ತಂದರಂತೆ. ಕಾಕಾ ತೊಡೆ ತಟ್ಟಿ ನಕ್ಕ. ಅಪ್ಪ ಮತ್ತು ಕಾಕಾ ಮುಖ ನೋಡಿಕೊಂಡು ನಕ್ಕದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಅದಕ್ಕೇ ಆ ಸಂಜೆ ಉಂಡ ಜುನಕದ ಖಾರವೂ ನನಗೆ ನೆನಪಿದೆ. ಅಜ್ಜ ಮಾತ್ರ ಯಾವತ್ತಿನಂತೆ ತಲೆ ತಗ್ಗಿಸಿ ಉಂಡು, ಕೈ ತೊಳೆದು, ತನ್ನ ಮಗ್ಗದ ಮೇಲೆ ಬಟ್ಟೆ ಹೊದಿಸಿ ಮಲಗಲು ಹೋದ. ಅವನಿಗೆ ಇದೆಲ್ಲ ಕಿವಿಗೆ ಬೀಳುತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಮನೆಯೊಳಗೆ ಬೇರೆಯೇ ಮಾತು ಶುರುವಾಯಿತು. ಬಸಣ್ಣ ಕಾಕಾನಿಗೆ ಕೈಮಗ್ಗ ಸಾಕಾಗಿತ್ತು. ಅವನ ಮಾವನ ಊರು ನರಗುಂದದಲ್ಲಿ ಕರೆಂಟಿನ ಮಗ್ಗ ಹಾಕಿದವರು ಅವನು ಒಂದು ಸೀರೆ ಇಳಿಸುವ ಹೊತ್ತಿಗೆ ಸೀರೆಗಳ ಗಂಟೇ ಕಟ್ಟಿ ಪೇಟೆಗೆ ಕಳಿಸುತ್ತಿದ್ದರು. ಮುಂದಿನ ಕೋಣೆಯ ಎರಡೂ ಕುಣಿ ಮುಚ್ಚಿ ಅಲ್ಲಿ ಕರೆಂಟಿನ ಮಗ್ಗ ಕೂಡಿಸಬೇಕೆಂದು ಅವನ ಆಸೆ. ಅಜ್ಜ ತನ್ನ ಬಾಯಿಂದ ಹೌದು ಅಲ್ಲ ಎನ್ನದೆ, ಹಿರಿಯ ಮಗ ಹೇಳಿದಂತೆ ಆಗಲಿ ಎಂದುಬಿಟ್ಟ. ಹಿರಿಯ ಮಗ, ಅಂದರೆ ಅಪ್ಪ, ಅಜ್ಜ ಇರುವವರೆಗೆ ಕೈಮಗ್ಗ ಇರಲಿ ಎಂದ. ಅಷ್ಟೇ ಅಂದದ್ದು, ಮೆತ್ತಗೇ ಅಂದದ್ದು. ಕಾಕಾ ಅಂದಿನಿಂದ ಲಾಳಿಯನ್ನು ಎಸೆಯುವ ರೀತಿಯೇ ಬದಲಾಯಿತು. ಹಿತ್ತಲಲ್ಲಿ ಚಿಗವ್ವನಿಗೆ ಅವನು ಹೇಳುತ್ತಿದ್ದುದನ್ನು ನಾನು ಹಂಡೆಯ ಮರೆಯಿಂದ ಕೇಳಿದ್ದೆ.

"ಮಗ್ಗ ತುಳಿಯಾಂವ ನಾನು. ಬ್ಯಾಡ ಅನ್ನಾಂವ ಅಂವ. ಒಂದ ದಿನಾರ ಈ ಕುಣಿಯಾಗ ಕಾಲ ಇಟ್ಟಾನೇನು?"

ಶ್ರಾವಣ ಮುಗಿದ ಮೇಲೆ ಒಂದು ರವಿವಾರ ಕಾಕಾನ ಮಾವ ನರಗುಂದದಿಂದ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ನಡುಮನೆಯಲ್ಲಿ ಚಾಪೆ ಹಾಸಿದರು. ಚಹಾ ಬಂತು. ಮನೆ ಎರಡು ಪಾಲಾಗಲಿ, ಅವರವರ ಪಾಲಿನಲ್ಲಿ ಅವರವರ ಇಷ್ಟ ಎಂದು ಬಂದವರು ಹೇಳಿದರು. ಹೊರಗಿನವರ ಮುಂದೆ ಕೂತು ತನ್ನ ಮನೆಯ ಗೋಡೆಗಳ ಮಾತು ಕೇಳುವಾಗ ಅಜ್ಜ ತನ್ನ ಎರಡೂ ಪಾದಗಳನ್ನು ಧೋತರದೊಳಗೆ ಎಳೆದುಕೊಂಡದ್ದು ನನಗೆ ಕಾಣುತ್ತಿತ್ತು. ಅಪ್ಪ ನೋಡೋಣ ಎಂದ. ಸಂಜೆಯ ಬಸ್ಸಿಗೆ ಬಂದವರು ಹೊರಟರು. ಅವರನ್ನು ಮುಟ್ಟಿಸಿ ಬರಲು ಕಾಕಾನೂ ನರಗುಂದಕ್ಕೆ ಹೋದ.

ಆ ಸಂಜೆ ಊಟದ ಸಾಲಿನಲ್ಲಿ ಕಾಕಾನ ಜಾಗ ಖಾಲಿ ಇತ್ತು. ಅಪ್ಪ ಕಥೆ ಹೇಳಲಾರ ಎಂದುಕೊಂಡಿದ್ದೆವು. ಆದರೆ ಹೇಳಿದ. ಸಾಮ್ರಾಜ್ಯ ದೊಡ್ಡದಾಗಿ, ನೀರಿನ ಮೇಲೂ ಆರದ ಬೆಂಕಿಯಿಂದ ಶತ್ರುಗಳ ಹಡಗು ಸುಟ್ಟು, ಆಮೇಲೆ ಮೆಲ್ಲಗೆ ಒಳಗಿನಿಂದಲೇ ಸವೆಯತೊಡಗಿದ ಕಾಲಕ್ಕೆ ಕಥೆ ಬಂದಿತ್ತು. ಐಸಾಕ್ ಎಂಬ ಚಕ್ರವರ್ತಿಗೆ ಒಬ್ಬ ಅಣ್ಣನಿದ್ದ. ಆ ಅಣ್ಣ ತಮ್ಮನನ್ನು ಹಿಡಿಸಿ, ಕಣ್ಣು ಕೀಳಿಸಿ, ಸೆರೆಯಲ್ಲಿಟ್ಟು ತಾನೇ ಸಿಂಹಾಸನದ ಮೇಲೆ ಕೂತ.

"ಒಡಹುಟ್ಟಿದಾಂವನ ಕಣ್ಣೋ?" ಎಂದಳು ಅಜ್ಜಿ. "ಯಾಕಂತ?"

"ತಾ ದೊಡ್ಡಾಂವ, ತನಗ ಎಲ್ಲಾ ತಿಳಿತೈತಿ ಅಂತ. ಮೊದಲನೇ ತಪ್ಪು ಅಣ್ಣಂದು, ಯವ್ವಾ. ಅದನ್ನ ಮರೀಬಾರದು."

ಇಷ್ಟು ಹೇಳಿ ಅಪ್ಪ ಮಜ್ಜಿಗೆ ಕುಡಿದು ಎದ್ದ.

ಮರುದಿನ ಕಾಕಾ ಬಂದಿದ್ದ. ಎಂದಿನಂತೆ ಅಪ್ಪನ ಪಕ್ಕ ಕೂತ. ಅಜ್ಜಿ ಮುಂದೇನಾಯಿತೆಂದು ಕೇಳಿದಳು. ಅಪ್ಪ ಹಿಂದಿನ ದಿನ ಬಿಟ್ಟಲ್ಲಿಂದಲೇ ಹಿಡಿದ. ಕುರುಡನಾದ ಐಸಾಕನ ಮಗ ತಪ್ಪಿಸಿಕೊಂಡು ಹೋಗಿ, ಪರದೇಶದ ಸೈನ್ಯವೊಂದರ ಮುಂದೆ ನಿಂತು, ನಮ್ಮ ಮನೆಯ ನ್ಯಾಯ ನೀವು ಬಗೆಹರಿಸಿಕೊಡಿ ಎಂದು ಅವರನ್ನು ಹಡಗಿನಲ್ಲಿ ಊರ ಮುಂದೆ ತಂದು ನಿಲ್ಲಿಸಿದ. ಧರ್ಮಯುದ್ಧಕ್ಕೆಂದು ಹೊರಟಿದ್ದ ಆ ಸೈನ್ಯ, ತಮ್ಮ ದೇವರನ್ನೇ ಪೂಜಿಸುವ ಊರನ್ನು ಕೊನೆಗೆ ಸೂರೆಮಾಡಿತು. ಯಾವ ಶತ್ರುವೂ ದಾಟದಿದ್ದ ಗೋಡೆಯೊಳಗೆ ಬಂದವರು ಗುಡಿಯ ಬೆಳ್ಳಿಯನ್ನು ಕಿತ್ತರು, ಕಂಚಿನ ಕುದುರೆಗಳನ್ನು ಹಡಗಿಗೆ ಏರಿಸಿದರು.

"ಮನಿಯೊಳಗಿನ ಜಗಳಕ್ಕ ಹೊರಗಿನವರನ್ನ ಕರಕೊಂಡು ಬಂದ," ಎಂದ ಅಪ್ಪ. "ಬಂದವರು ಹೊಳ್ಳಿ ಹೋಗಲಿಲ್ಲ."

ಕಾಕಾನ ಕೈ ತಾಟಿನ ಮೇಲೆ ನಿಂತಿತು. ಅಪ್ಪ ಇನ್ನೂ ಏನೋ ಹೇಳುವವನಿದ್ದ. ಕಾಕಾ ಅವನ ಕಡೆ ನೋಡದೆ, ತಾಟನ್ನು ಮುಂದಕ್ಕೆ ಸರಿಸಿ ಎದ್ದ. ನಮ್ಮ ಮನೆಯಲ್ಲಿ ಅನ್ನದ ಮುಂದಿನಿಂದ ಯಾರೂ ನಡುವೆ ಏಳುತ್ತಿರಲಿಲ್ಲ.

"ಇಷ್ಟ ತಿರುಗಿಸಿ ಹೇಳೂದು ಯಾಕಣ್ಣಾ? ನನಗ ನೇರ ಬೈದಿದ್ರ ನಾ ಕೇಳತಿದ್ದೆ."

"ಬಸಣ್ಣಾ, ಇದು ಇತಿಹಾಸೋ. ನಿನ್ನಿ ನೀ ಇರಲಿಲ್ಲ, ನಿನ್ನಿಂದು ಕೇಳಿದ್ರ..."

"ಸಾಕು. ನಾ ಸಾಲಿ ಕಲತಾಂವಲ್ಲ. ಖರೇ, ಯಾವ ಮಾತು ಯಾರಿಗೆ ಅನ್ನೂದು ತಿಳಿತೈತಿ."

ಅಪ್ಪ ಎದ್ದು ಹಿಂದೆ ಹೋಗಬೇಕಿತ್ತು ಎಂದು ಅವ್ವ ಆಮೇಲೆ ಎಷ್ಟೋ ವರ್ಷ ಅನ್ನುತ್ತಿದ್ದಳು. ಎಂಜಲು ಕೈಯಲ್ಲಿ ಅವನು ಸುಮ್ಮನೆ ಕೂತೇ ಇದ್ದ. ದಸರೆಯ ಮೊದಲೇ ಕಾಕಾ ಒಂದು ಟ್ರ್ಯಾಕ್ಟರ್ ತಂದು, ತನ್ನ ಮಗ್ಗದ ಮರಗಳನ್ನು ಒಂದೊಂದಾಗಿ ಬಿಚ್ಚಿ ಹೇರಿಕೊಂಡ. ಅದನ್ನು ನರಗುಂದದಲ್ಲಿ ಹೂಡುವ ಉದ್ದೇಶವೇನೂ ಅವನಿಗಿರಲಿಲ್ಲ. ಇಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಷ್ಟೇ. ಚಿಗವ್ವ ಅವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತು ಟ್ರೇಲರ್ ಹತ್ತಿದಳು. ಕಾಕಾ ಮನೆಯ ಪಾಲು ಕೇಳದೆಯೇ ಹೋದ. ಅಜ್ಜ ಅಷ್ಟು ಹೊತ್ತೂ ತನ್ನ ಕುಣಿಯಲ್ಲಿ ಕೂತು, ತಲೆ ಎತ್ತದೆ, ಒಂದೇ ಸಮನೆ ನೇಯುತ್ತಿದ್ದ. ಎಡಗಡೆಯ ಕುಣಿಯಲ್ಲಿ ನೂಲಿನ ಧೂಳು, ಒಂದು ಒಡೆದ ಲಾಳಿ ಮತ್ತು ನನ್ನದೇ ಒಂದು ಕಳೆದುಹೋದ ಬಳಪ ಉಳಿದವು. ಒಂದೇ ಮಗ್ಗದ ಸದ್ದಿನಲ್ಲಿ ಹಗಲಿಡೀ ಮಾತಾಡಬಹುದಿತ್ತು. ಆದರೆ ಮಾತಾಡಲು ಯಾರಿಗೂ ಏನೂ ತೋಚುತ್ತಿರಲಿಲ್ಲ.

ಆದರೂ ಊಟದ ಹೊತ್ತಿಗೆ ಅಜ್ಜಿ ಕೇಳುವುದನ್ನು ಬಿಡಲಿಲ್ಲ, ಅಪ್ಪ ಹೇಳುವುದನ್ನೂ ಬಿಡಲಿಲ್ಲ. ಕೇಳದಿದ್ದರೆ ಆ ಹೊತ್ತು ತುಂಬ ಉದ್ದವಾಗುತ್ತಿತ್ತು. ಸೂರೆಯಾದ ಊರನ್ನು ಊರಿನವರೇ ಮರಳಿ ಪಡೆದರು. ಆದರೆ ಅದು ಮೊದಲಿನ ಊರಾಗಲಿಲ್ಲ. ಕೋಟೆಯ ಗೋಡೆಯೊಳಗೇ ಹೊಲಗಳು ಎದ್ದವು, ಅರಮನೆಗಳ ನಡುವೆ ಜನ ದ್ರಾಕ್ಷಿ ಬೆಳೆದರು. ಒಬ್ಬ ಚಕ್ರವರ್ತಿ ಮತ್ತು ಅವನ ರಾಣಿಯ ಪಟ್ಟಾಭಿಷೇಕದಲ್ಲಿ ಕಿರೀಟದ ರತ್ನಗಳೆಲ್ಲ ಬಣ್ಣದ ಗಾಜು, ಊಟದ ತಾಟುಗಳು ಮಣ್ಣಿನವು. ನಿಜವಾದವು ಒತ್ತೆ ಹೋಗಿದ್ದವಂತೆ. ಅವ್ವ ಅದನ್ನು ಕೇಳಿ ತನ್ನ ಕೈಬಳೆಗಳನ್ನು ನೋಡಿಕೊಂಡು, "ಪಾಪ, ಯಾರರ ಗುರತ ಹಿಡದಾರೇನೋ ಅಂತ ಎಷ್ಟ ಅಂಜಿರಬೇಕು ಆಕಿ ರಾಣಿ" ಎಂದಳು. ಹೀಗೆ ಇಳಿಯುತ್ತ ಇಳಿಯುತ್ತ ಕಥೆ ಕೊನೆಯ ಚಕ್ರವರ್ತಿಯವರೆಗೆ ಬಂತು. ಊರ ಹೊರಗೆ ಟರ್ಕರ ಸೈನ್ಯ ಬಂದು ಬೀಡುಬಿಟ್ಟಿತು, ಎತ್ತುಗಳು ಎಳೆದು ತಂದ ದೊಡ್ಡ ತೋಪು ಗೋಡೆಗೆ ಎದುರಾಗಿ ನಿಂತಿತು ಎಂದು ಅಪ್ಪ ಹೇಳುತ್ತಿದ್ದಂತೆ ಅಜ್ಜಿ ಕೈಯೆತ್ತಿ ಅವನ ಮಾತನ್ನು ತಡೆದಳು.

"ನಿಂದರು. ಊರು ಬೀಳೂದು ಈಗ ಬ್ಯಾಡ. ಈ ಮನ್ಯಾಗ ಆಗಲೇ ಒಂದ ಕುಣಿ ಖಾಲಿ ಆಗೇತಿ. ದೀವಿಗಿ ಹಬ್ಬ ಆಗಲಿ, ಬಸಣ್ಣ ಬರಲಿ. ಎಲ್ಲಾರೂ ಕೂತು ಕೇಳೋಣಂತ."

"ಬೀಳೂದು ತಪ್ಪೂದಿಲ್ಲಬೇ."

"ತಪ್ಪೂದಿಲ್ಲ ಅಂತ ಗೊತ್ತೈತಿ. ತಡಾ ಆಗಲಿ."

ಅಪ್ಪ ನಕ್ಕು ಒಪ್ಪಿಕೊಂಡ. ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ, ರೋಣದಿಂದ ಬರುವ ಬಸ್ಸಿನಲ್ಲಿ ಕೂತವನು ಗಜೇಂದ್ರಗಡದಲ್ಲಿ ಇಳಿಯಲಿಲ್ಲ. ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಹೋಗಿ ಮಾತಾಡಿಸಿದನಂತೆ. ಅಪ್ಪ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ, ಬಲಗೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು. ಬಸ್‌ಸ್ಟ್ಯಾಂಡಿನ ಇಬ್ಬರು ಹಮಾಲರು ಅವನನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಮಲಗಿಸಿದರು. ಅಲ್ಲಿಂದ ಜೀಪಿನಲ್ಲಿ ಗದಗಿನ ದವಾಖಾನೆಗೆ. ಲಕ್ವಾ ಹೊಡೆದಿದೆ, ಜೀವಕ್ಕೆ ಭಯವಿಲ್ಲ, ಬಲಗಡೆಯ ಕೈಕಾಲಿಗೆ ಸ್ವಲ್ಪಮಟ್ಟಿಗೆ ಶಕ್ತಿ ಬಂದೀತು, ಮಾತು ಬರುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ನಾವು ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ಹೇಳಬೇಕಾದ್ದೂ ಒಳಗೆ ಇತ್ತು. ಹೊರಗೆ ಬರುತ್ತಿದ್ದದ್ದು ಮಾತ್ರ ಒಂದೇ ಶಬ್ದ: "ಆತು." ನೀರು ಬೇಕಾದರೂ ಆತು, ಬೇಡವಾದರೂ ಆತು. ನಮ್ಮ ಕಡೆ ಆತು ಎಂದರೆ ಒಪ್ಪಿದೆ ಎಂದೂ ಹೌದು, ಮುಗಿಯಿತು ಎಂದೂ ಹೌದು, ಸಾಕು ಬಿಡು ಎಂದೂ ಹೌದು. ಅವ್ವ ಅವನ ಕಣ್ಣು, ಹುಬ್ಬು, ಎಡಗೈ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದಳು. ಎಷ್ಟೋ ಸಲ ತಪ್ಪುತ್ತಿದ್ದಳು. ತಪ್ಪಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಸುದ್ದಿ ತಿಳಿದು ಕಾಕಾ ನರಗುಂದದಿಂದ ಬಂದ. ಅಜ್ಜನ ಮುಂದೆ ಒಂದು ಕ್ಷಣ ನಿಂತು, ನೇರವಾಗಿ ನಡುಮನೆಗೆ ಬಂದು ಅಪ್ಪನ ಮಂಚದ ಪಕ್ಕ ಕೂತ. ಅಂದಿನಿಂದ ವಾರಗಟ್ಟಲೆ ಅವನೇ ಅಪ್ಪನನ್ನು ಎತ್ತಿ ಕೂಡಿಸಿದ, ಗಡ್ಡ ಬೋಳಿಸಿದ, ಮೈ ಒರೆಸಿದ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಮೆತ್ತಗೆ ಕಿವುಚಿ ಉಣ್ಣಿಸಿದ. ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿದ್ದಳು, ನಾನು ಮಂಚದ ಕಾಲ ಬಳಿ ಕೂತು ಶಾಲೆಯ ಪಾಠ ಓದುತ್ತಿದ್ದೆ. ಕಾಕಾ ನನ್ನನ್ನು ಕೇಳಿದ.

"ಸುವರ್ಣಾ, ನಾ ಇಲ್ಲದ ದಿವಸ ಅಣ್ಣ ಏನ ಹೇಳಿದ್ದ?"

ನಾನು ಹೇಳಿದೆ. ಅಣ್ಣ ತಮ್ಮನ ಕಣ್ಣು ಕೀಳಿಸಿದ್ದು, ತಾನು ದೊಡ್ಡವನೆಂಬ ಸೊಕ್ಕು, ಮೊದಲನೆಯ ತಪ್ಪು ಅಣ್ಣನದು, ಅದನ್ನು ಮರೆಯಬಾರದು ಎಂದದ್ದು. ಕಾಕಾ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಹಾಕಿದ. ಆಮೇಲೆ ಅಪ್ಪನ ಮುಖದ ಹತ್ತಿರ ಬಾಗಿದ.

"ಅಣ್ಣಾ, ನೀ ನಿನಗ ಅಂದ್ಕೊಂಡಿದ್ಯೇನು? ನನಗ ಅಂದಿದ್ದಲ್ಲೇನು ಅದು?"

"ಆತು," ಎಂದ ಅಪ್ಪ.

"ಹೌದು ಅಂತೀಯೋ? ಹೋಗಲಿ ಬಿಡು ಅಂತೀಯೋ?"

"ಆತು."

"ಹೌದಾದ್ರ ನನ್ನ ಕೈ ಹಿಡಿ."

ಅಪ್ಪ ಎಡಗೈಯಿಂದ ಅವನ ಕೈ ಹಿಡಿದ. ಕಾಕಾನಿಗೆ ಇನ್ನೂ ನಂಬಿಕೆ ಬರಲಿಲ್ಲ. "ಅಲ್ಲ ಅಂದ್ರೂ ಹಿಡೀತಿದ್ದೆಲ್ಲ ನೀನು," ಎಂದ. ಅಪ್ಪ ಕೈ ಬಿಡಲಿಲ್ಲ. ಕಾಕಾ ಮತ್ತೆ ಕೇಳಲಿಲ್ಲ. ಇಂದು ನಾನು ಅಂದಿನ ಆ ಇಬ್ಬರಿಗಿಂತಲೂ ಹೆಚ್ಚು ವಯಸ್ಸಿನವಳಾಗಿದ್ದೇನೆ. ಅಪ್ಪ ಆ ಎರಡು ಸಂಜೆ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ, ತನ್ನನ್ನೋ, ತಮ್ಮನನ್ನೋ, ಅಥವಾ ನಿಜಕ್ಕೂ ಇತಿಹಾಸವನ್ನಷ್ಟೇ ಹೇಳುತ್ತಿದ್ದನೋ, ನನಗೂ ತಿಳಿದಿಲ್ಲ.

ಅಪ್ಪನಿಗೆ ಮಾತು ಮರಳಲೇ ಇಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುವಷ್ಟಾಗಿ, ಇನ್ನೂ ಬಹಳ ವರ್ಷ ಬದುಕಿದ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದ. ಅಜ್ಜ ಅಜ್ಜಿ ಅವನಿಗಿಂತ ಮೊದಲೇ ಹೋದರು. ಕಾಕಾ ನರಗುಂದದಲ್ಲಿಯೇ ಉಳಿದ. ಅವನ ಕರೆಂಟಿನ ಮಗ್ಗಗಳೂ ನಾಲ್ಕು ಕಾಲ ನಡೆದು ನಿಂತುಹೋದವು. ಅವನು ಪ್ರತಿ ಅಮಾವಾಸ್ಯೆಗೆ ಬಂದು ಅಪ್ಪನ ಗಡ್ಡ ಬೋಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ಮುಂದಿನ ಕೋಣೆಯಲ್ಲಿ ಈಗ ನೆಲಕ್ಕೆ ಕಲ್ಲು ಹಾಸಿದೆ. ಆದರೆ ಆ ವರ್ಷದ ಮಾತು ಬಂದಾಗ ನನ್ನ ಕಣ್ಣ ಮುಂದೆ ನಿಲ್ಲುವುದು ಇದ್ಯಾವುದೂ ಅಲ್ಲ, ದೀವಿಗೆ ಹಬ್ಬ ಕಳೆದು ಬಂದ ಒಂದು ರವಿವಾರದ ಮಧ್ಯಾಹ್ನ.

ಅಜ್ಜಿಯ ತಲೆಯೊಳಗೆ ಒಂದು ವಿಚಾರ ಕೂತುಬಿಟ್ಟಿತ್ತು. ತಾನೇ ಕಥೆಯನ್ನು ತಡೆದೆ, ತಡೆದದ್ದಕ್ಕೇ ಅದು ಮಗನ ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದು ಹೊರಗೆ ಬರದೆ ಉಳಿದ ಮಾತಿಗೆ ದಾರಿಯಿಲ್ಲ ಎಂದು ಅವಳು ನಂಬಿದಳು. ಡಾಕ್ಟರು ಹೇಳಿದ್ದನ್ನು ಅವ್ವ ಎಷ್ಟು ಸಲ ಬಿಡಿಸಿ ಹೇಳಿದರೂ ಕೇಳಲಿಲ್ಲ. ಅಂದು ಎಲ್ಲರನ್ನೂ ನಡುಮನೆಗೆ ಕರೆದು ಕೂಡಿಸಿದಳು. ಕಾಕಾ ಅಪ್ಪನ ಬೆನ್ನಿಗೆ ಆಸರೆಯಾಗಿ ಮಂಚದ ಮೇಲೆ ಕೂತ. ಅವ್ವ ಮತ್ತು ಹಬ್ಬಕ್ಕೆ ಬಂದು ಉಳಿದಿದ್ದ ಚಿಗವ್ವ ಗೋಡೆಗೆ ಒರಗಿದರು. ಅಜ್ಜನನ್ನೂ ಮಗ್ಗದಿಂದ ಎಬ್ಬಿಸಿದಳು. ಅವನು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಮೊಣಕಾಲು ಮಡಚಿ ಕೂತ.

"ಸುವ್ವೀ, ಉಳದದ್ದು ನೀ ಹೇಳು. ಊರು ಬೀಳಲಿ. ಬಿದ್ದಮ್ಯಾಲ ನಿಮ್ಮಪ್ಪ ಮಾತಾಡ್ತಾನ."

"ನನಗ ಪೂರಾ ಬರೂದಿಲ್ಲಬೇ."

"ಬಂದಷ್ಟ ಹೇಳು."

ನನಗೆ ಬರುತ್ತಿದ್ದುದು ಅಪ್ಪ ಅಲ್ಲಿ ಇಲ್ಲಿ ಉದುರಿಸಿದ್ದ ತುಣುಕುಗಳು ಮಾತ್ರ. ಹೇಳಿದೆ. ಬಂದರಿನ ಬಾಯಿಗೆ ಅಡ್ಡ ಸರಪಳಿ ಕಟ್ಟಿದ್ದರು, ಅದಕ್ಕೆ ಟರ್ಕರು ಹಡಗುಗಳನ್ನು ನೆಲದ ಮೇಲೆ, ಎಣ್ಣೆ ಹಚ್ಚಿದ ಮರದ ದಿಮ್ಮಿಗಳ ಮೇಲೆ ಎಳೆದು ಗುಡ್ಡ ದಾಟಿಸಿದರು. ತೋಪು ಗೋಡೆಯನ್ನು ಒಡೆಯಿತು. ಒಡೆದಲ್ಲಿ ಊರವರು, ಹೆಂಗಸರು ಮಕ್ಕಳು ಸಹ, ಕಲ್ಲು ಮಣ್ಣು ತುಂಬಿದರು. ಕೊನೆಯ ದಿನ ಚಕ್ರವರ್ತಿ ತನ್ನ ರಾಜಚಿಹ್ನೆಗಳನ್ನೆಲ್ಲ ಕಿತ್ತೆಸೆದು ಸಾಮಾನ್ಯ ಸಿಪಾಯಿಯಂತೆ ಗುಂಪಿನೊಳಗೆ ನುಗ್ಗಿದ. ಟರ್ಕರು ದೊಡ್ಡ ಬಾಗಿಲು ಮುರಿದು ಒಳಗೆ ಬಂದರು...

ಅಪ್ಪ ಎಡಗೈ ಆಡಿಸಿದ.

"ಆತು," ಎಂದ. ದನಿ ಗಡುಸಾಗಿತ್ತು. "ಆತು, ಆತು."

ನಾನು ಎಲ್ಲಿಯೋ ತಪ್ಪಿದ್ದೆ. ಅಷ್ಟು ಗೊತ್ತಾಯಿತು. ಕಾಕಾ ಅವನ ಭುಜ ಹಿಡಿದು ಒಂದೊಂದೇ ಕೇಳತೊಡಗಿದ.

"ಬಾಗಿಲಾ ಅಲ್ಲೇನು? ಗ್ವಾಡಿ ಏನು? ರಾಜಾ ಸತ್ತಿಲ್ಲೇನು?"

ಎಲ್ಲದಕ್ಕೂ ಆತು. ಪ್ರತಿ ಸಲ ಇನ್ನಷ್ಟು ಜೋರಾಗಿ, ಇನ್ನಷ್ಟು ಸೋತು. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದ. ಗಾಳಿಯಲ್ಲಿ ಏನೋ ಸಣ್ಣದೊಂದನ್ನು ತೋರಿಸಿದ, ನಾವು ಬಟ್ಟಲು ಎಂದೆವು, ಕಿಟಕಿ ಎಂದೆವು, ಮಗು ಎಂದೆವು. ಅವನ ಕಣ್ಣಲ್ಲಿ ನೀರು ಬಂತು. ಇಡೀ ವರ್ಗಕ್ಕೆ ಪಾಠ ಹೇಳುತ್ತಿದ್ದವನು, ತಪ್ಪು ಪಾಠ ಕೇಳುತ್ತ, ತಿದ್ದಲಾಗದೆ ಕೂತಿದ್ದ. ಗೋಡೆಯ ಒಂದು ಚಿಕ್ಕ ಬಾಗಿಲಿಗೆ ಅಗುಳಿ ಹಾಕಲು ಯಾರೋ ಮರೆತಿದ್ದರು, ಶತ್ರುಗಳು ಮೊದಲು ಅಲ್ಲಿಂದ ಬಂದರು ಎಂದು ಒಂದು ಕಥೆಯಿರುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಅವನು ತೋರಿಸಿದ್ದು ಅದನ್ನೇ ಇರಬಹುದು. ಇರಲಿಕ್ಕಿಲ್ಲ. ಕೇಳೋಣವೆಂದರೆ ಅಷ್ಟರಲ್ಲಿ ಅವನಿರಲಿಲ್ಲ.

"ಸಾಕ್ರಿ, ಬಿಡ್ರಿ," ಎಂದಳು ಅವ್ವ, ಯಾರಿಗೆಂದಿಲ್ಲದೆ.

ಅಜ್ಜಿ ಮಗನ ಬಾಯಿಯನ್ನೇ ನೋಡುತ್ತಿದ್ದಳು. ಊರು ಬಿದ್ದಿತ್ತು, ಮಾತು ಬಂದಿರಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮತ್ತೇನು ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಏಳಲೂ ಆಗಲಿಲ್ಲ. ಆಗ ಬಾಗಿಲಲ್ಲಿ ಕೂತಿದ್ದ ಅಜ್ಜ ಗಂಟಲು ಸರಿಮಾಡಿಕೊಂಡ.

"ಗ್ವಾಡಿ ಬಿತ್ತು. ರಾಜಾ ಹ್ವಾದ. ಮಂದಿ ಏನಾದ್ರು?"

ನಾನು ಕಾಕಾನ ಮುಖ ನೋಡಿದೆ, ಕಾಕಾ ನನ್ನ ಮುಖ ನೋಡಿದ. ಉಳಿದ ಜನ ಏನಾದರು, ಆ ಓಣಿಗಳಲ್ಲಿ ಮರುದಿನ ಯಾರು ಬಾಗಿಲು ತೆರೆದರು, ಯಾರು ಒಲೆ ಹಚ್ಚಿದರು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ. ಎಲ್ಲರೂ ಅವನ ಕಡೆ ತಿರುಗಿದೆವು. ಅಪ್ಪ ಅಳು ನಿಲ್ಲಿಸಿದ. ಕಾಕಾನ ಎದೆಯಿಂದ ಬೆನ್ನು ಬಿಡಿಸಿಕೊಂಡು ನೆಟ್ಟಗೆ ಕೂತ. ತುಟಿ ಒದ್ದೆ ಮಾಡಿಕೊಂಡು, ದೊಡ್ಡದೊಂದು ಉಸಿರು ಎಳೆದುಕೊಂಡು ಬಾಯಿ ತೆರೆದ. ಅಜ್ಜ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಕುಳಿತಲ್ಲಿಂದಲೇ ಮಂಚದ ಹತ್ತಿರಕ್ಕೆ ಸರಿದ.

"ಹೇಳಪಾ," ಎಂದ. "ನಾ ಕೇಳಾಕತ್ತೀನಿ."